ಖಾಲಿ ವ್ಯಾಗನ್ ಬಿದ್ದಿದ್ದು ಯಾಕೆ: ಒಂದು ಪ್ರೈವೇಟ್ ಸೈಡಿಂಗಿನ ಕೇಸ್

ರೈಲು ಅಪಘಾತ ಅಂದ ತಕ್ಷಣ ಎಲ್ರಿಗೂ ನೆನಪಾಗೋದು ಟೀವೀಲಿ ಬರೋ ದೊಡ್ಡ ಆಕ್ಸಿಡೆಂಟ್‌ಗಳು. ಆದ್ರೆ ಹಳಿ-ವ್ಯಾಗನ್ ತನಿಖೆಗೆ ಸಲಹೆ ಕೊಡೋ ನಮ್ಮಂಥವರ ಹತ್ರ ಬರೋದು ಹೆಚ್ಚಾಗಿ ಪೇಪರಿನ ಮೂಲೇಲೂ ಬರದೇ ಇರೋ ಡಿರೈಲ್‌ಮೆಂಟ್‌ಗಳು. ಯಾರೂ ಸತ್ತಿರಲ್ಲ, ಗಾಡಿ 10 ಕಿ.ಮೀ. ಸ್ಪೀಡಲ್ಲಿ ಹೋಗ್ತಿರತ್ತೆ, ಒಂದು ವ್ಯಾಗನ್ ಕೆಳಗಿಳಿದಿರತ್ತೆ, ಅಷ್ಟೇ. ಪ್ರಯಾಣಿಕರ ಗಾಡಿಗೆ ಅಪಘಾತ ಆಗಿ ಜೀವ ಹೋಗಿದ್ರೆ, ದೊಡ್ಡ ಗಾಯ ಆಗಿದ್ರೆ 1989ರ ರೈಲ್ವೇಸ್ ಆಕ್ಟ್ ಪ್ರಕಾರ ಕಮಿಷನರ್ ಆಫ್ ರೈಲ್ವೆ ಸೇಫ್ಟಿ ಬಂದು ವಿಚಾರಣೆ ಮಾಡ್ತಾರೆ. ಆ ಕಮಿಷನರ್ ರೈಲ್ವೆ ಮಂತ್ರಾಲಯದ ಕೆಳಗೆ ಬರಲ್ಲ, ನಾಗರಿಕ ವಿಮಾನಯಾನ ಮಂತ್ರಾಲಯದ ಕೆಳಗೆ ಬರ್ತಾರೆ, ತನಿಖೆ ಮಾಡೋರು ರೈಲು ಓಡಿಸೋರ ಕೈಕೆಳಗೆ ಇರಬಾರದು ಅಂತ ಬೇಕಂತಲೇ ಹಾಗೆ ಇಟ್ಟಿರೋದು. ಸಣ್ಣ ಡಿರೈಲ್‌ಮೆಂಟ್‌ಗೆ ಈ ಭಾಗ್ಯ ಇಲ್ಲ. ಅಲ್ಲಿ ಇಲಾಖೆಯ ಒಳಗಿನ ವಿಚಾರಣೆ, ಒಂದು ಜಾಯಿಂಟ್ ನೋಟ್, ಆಮೇಲೆ ಹಾನಿಯ ಒಂದು ಬಿಲ್ಲು.

ಈ ಕೇಸ್ ಶುರುವಾಗಿದ್ದು ಆ ಬಿಲ್ಲಿಂದ. ಹೆಸರು, ಊರು, ವರ್ಷ ಯಾವುದೂ ಹೇಳಲ್ಲ, ಗುರುತು ಸಿಗಬಹುದಾದ ಒಂದೆರಡು ವಿವರ ತೆಗೆದಿದೀನಿ, ಕೆಲವು ಸಂಖ್ಯೆ ಸುಮಾರಾಗಿ ಹೇಳ್ತೀನಿ. ಸೈಡಿಂಗ್ (ಸ್ಟೇಷನ್ನಿಂದ ಕಾರ್ಖಾನೆಗೆ ಹೋಗೋ ಹಳಿ) ನೋಡ್ಕೊಳ್ಳೋರು, ಕಾರ್ಖಾನೆಯ ಲಾಜಿಸ್ಟಿಕ್ಸ್‌ನವರು, ಹೊಸದಾಗಿ ಈ ತರ ತನಿಖೆಗೆ ಇಳಿಯೋರು ಓದಿದ್ರೆ ಉಪಯೋಗ ಆಗಬಹುದು ಅಂತ ಬರೀತಿದೀನಿ.

ಜಾಗ ಯಾವುದು, ಏನಾಯ್ತು

ಅದಿರು ಬೆಲ್ಟಿನಲ್ಲಿರೋ ಒಂದು ಕಾರ್ಖಾನೆ. ಹತ್ತಿರದ ಸ್ಟೇಷನ್ನಿಂದ ಅವರದೇ ಪ್ರೈವೇಟ್ ಸೈಡಿಂಗ್ ಇದೆ, ಅಂದ್ರೆ ಹಳಿ ಕಾರ್ಖಾನೆಯದ್ದು, ರಿಪೇರಿ ಅವರ ಕಾಂಟ್ರಾಕ್ಟರದ್ದು, ಆದ್ರೆ ಮೇಲೆ ಓಡೋ ವ್ಯಾಗನ್ ಮತ್ತು ಇಂಜಿನ್ ರೈಲ್ವೆಯದ್ದು. ಬಾಕ್ಸ್-ಎನ್ ಅನ್ನೋ ಮೇಲೆ ತೆರೆದಿರೋ ವ್ಯಾಗನ್ನಲ್ಲಿ ಅದಿರಿನ ಪುಡಿ ಬರತ್ತೆ, ಟಿಪ್ಲರ್ ಅನ್ನೋ ಯಂತ್ರ ಇಡೀ ವ್ಯಾಗನ್ನನ್ನ ಹಿಡಿದು ಮಗುಚಿ ಖಾಲಿ ಮಾಡತ್ತೆ, ಖಾಲಿ ವ್ಯಾಗನ್‌ಗಳು ಒಂದು ಇನ್-ಮೋಷನ್ ತೂಕದ ಸೇತುವೆ (ಓಡ್ತಿರುವಾಗ್ಲೇ ತೂಗೋದು) ದಾಟಿ ಹೊರಗಿನ ಲೈನಲ್ಲಿ ಸೇರ್ಕೊಳ್ತವೆ, ಎಲ್ಲ ಸೇರಿದ ಮೇಲೆ ರೈಲ್ವೆ ಇಂಜಿನ್ ಬಂದು ಎಳ್ಕೊಂಡು ಹೋಗತ್ತೆ. ಹೋಗೋ ದಾರೀಲಿ ಒಂದು ಬಿಗಿಯಾದ ಕರ್ವ್, ಕರ್ವ್ ಮುಗಿದ ಕೂಡಲೇ 1 ಇನ್ 8.5 ಪಾಯಿಂಟ್, ಅಂದ್ರೆ ಗಾಡಿ ಒಂದು ಲೈನಿಂದ ಇನ್ನೊಂದಕ್ಕೆ ತಿರುಗೋ ಜಾಗ.

ಮಳೆಗಾಲದ ಒಂದು ಮಧ್ಯಾಹ್ನ ಖಾಲಿ ರೇಕ್ (ಜೋಡಿಸಿದ ವ್ಯಾಗನ್‌ಗಳ ಸಾಲು) ಹೊರಟಾಗ ನಡುವಿನ ಒಂದು ವ್ಯಾಗನ್ನಿನ ಮುಂದಿನ ಬೋಗಿ, ಅಂದ್ರೆ ಕೆಳಗೆ ಚಕ್ರಗಳಿರೋ ಚೌಕಟ್ಟು, ಕರ್ವ್‌ನ ಕೊನೇಲಿ ಹಳಿ ಬಿಟ್ಟಿದೆ. ಲೋಕೋ ಪೈಲಟ್‌ಗೂ ಗೊತ್ತಾಗಿಲ್ಲ, ಹಿಂದೆ ಇದ್ದ ಟ್ರೈನ್ ಮ್ಯಾನೇಜರ್‌ಗೂ ಗೊತ್ತಾಗಿಲ್ಲ (ಈಗ ಗಾರ್ಡ್ ಅನ್ನಲ್ಲ, 2022ರಿಂದ ಈ ಹೆಸರು), ಹಾಗೇ ಎಳ್ಕೊಂಡು ಹೋಗಿ ಪಾಯಿಂಟ್ ಮೇಲೆ ಹತ್ತಿ ಟಂಗ್ ರೈಲ್ (ಪಾಯಿಂಟಲ್ಲಿ ಸರಿಯೋ ಹಳಿ) ಮುರಿದು, ಪಾಯಿಂಟ್ ಮಷೀನ್ ಕಿತ್ತು, ಸಿಮೆಂಟ್ ಸ್ಲೀಪರ್‌ಗಳ ಸಾಲು ಪುಡಿ ಮಾಡಿ ಆಮೇಲೆ ನಿಂತಿದೆ. ಪಾಯಿಂಟ್ ಹೋದ ಕಾರಣ ಸ್ಟೇಷನ್ನಿನ ಒಂದು ಲೂಪ್ ಲೈನೂ ಬಂದ್. ಆಕ್ಸಿಡೆಂಟ್ ರಿಲೀಫ್ ಟ್ರೈನ್ ಬಂತು, ರಾತ್ರಿಯೆಲ್ಲ ಕೆಲಸ ಮಾಡಿ ಬೆಳಗಾಗೋಷ್ಟರಲ್ಲಿ ಲೈನ್ ಬಿಟ್ಕೊಟ್ರು.

ಜಾಯಿಂಟ್ ನೋಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ರೈಲ್ವೆ ಲೈನಲ್ಲಿ ಡಿರೈಲ್ ಆದ್ರೆ ಪಿ.ವೇ (ಹಳಿ ನೋಡ್ಕೊಳ್ಳೋರು), ಕ್ಯಾರೇಜ್ ಅಂಡ್ ವ್ಯಾಗನ್, ಲೋಕೋ, ಟ್ರಾಫಿಕ್, ಸಿಗ್ನಲ್, ಇಷ್ಟೂ ಇಲಾಖೆಯ ಸೂಪರ್‌ವೈಸರ್‌ಗಳು ಸ್ಥಳದಲ್ಲೇ ಕೂತು ಜಂಟಿಯಾಗಿ ಕಾರಣ ಬರೀಬೇಕು. ಅಲ್ಲಿ ಶುರುವಾಗೋ ಹಗ್ಗಜಗ್ಗಾಟ ನೋಡಿದವರಿಗೇ ಗೊತ್ತು. ಟ್ರ್ಯಾಕ್‌ನವರು ವ್ಯಾಗನ್ ಅಂತಾರೆ, ವ್ಯಾಗನ್‌ನವರು ಟ್ರ್ಯಾಕ್ ಅಂತಾರೆ, ಇಬ್ರೂ ಸೇರಿ ಡ್ರೈವರ್ ಸ್ಪೀಡು ಅಂತಾರೆ, ಕೊನೆಗೆ ಒಬ್ರು ಒಪ್ಪಲ್ಲ ಅಂತ ಡಿಸೆಂಟ್ ನೋಟ್ ಬರೀತಾರೆ. ಬೇಜಾರಿನ ವಿಷಯ ಆದ್ರೂ ಅದರಲ್ಲಿ ಒಂದು ಲಾಭ ಇದೆ: ತನ್ನ ಮೇಲೆ ಬರಬಾರದು ಅಂತ ಪ್ರತಿಯೊಬ್ರೂ ಇನ್ನೊಬ್ಬರ ಕಡೆಯ ಸಾಕ್ಷಿನ ಗಟ್ಟಿಯಾಗಿ ಹಿಡ್ಕೊಳ್ತಾರೆ, ಹಾಗಾಗಿ ಏನೂ ಕಳೆದುಹೋಗಲ್ಲ. ಪ್ರೈವೇಟ್ ಸೈಡಿಂಗಲ್ಲಿ ಈ ಜಗಳವೇ ಇಲ್ಲ. ಹಳಿ ಹೊರಗಿನವರದ್ದು, ಹಾಗಾಗಿ ಎಲ್ಲ ಇಲಾಖೆಗೂ ಒಂದೇ ಅಭಿಪ್ರಾಯ. ಇಲ್ಲಿನ ನೋಟ್‌ನಲ್ಲಿ ಕಾರಣ ಅಂತ ಇದ್ದಿದ್ದು ಒಂದೇ ಸಾಲು, ಸೈಡಿಂಗ್ ಹಳಿಯ ನಿರ್ವಹಣೆ ಸರಿ ಇಲ್ಲ ಅಂತ. ಅಪರೂಪಕ್ಕೆ ಎಲ್ಲರ ಸಹಿನೂ ಬಿದ್ದಿತ್ತು.

ಅವರು ಬರೆದಿದ್ದು ಸುಳ್ಳು ಅಂತ ನಾನು ಹೇಳ್ತಿಲ್ಲ. ಹಳಿ ನಿಜವಾಗ್ಲೂ ಅಷ್ಟು ಚೆನ್ನಾಗೇನೂ ಇರಲಿಲ್ಲ.

ಕೆಲಸ ಒಪ್ಕೊಳ್ಳೋ ಮುಂಚೆ

ಹಾನಿಯ ಬಿಲ್ಲು ಬಂದ ಮೇಲೆ ಕಾರ್ಖಾನೆಯವರು ಕರೆದ್ರು. ಬಿಲ್ಲಲ್ಲಿ ಪಾಯಿಂಟ್, ಸ್ಲೀಪರ್, ವ್ಯಾಗನ್ ರಿಪೇರಿ, ರಿಲೀಫ್ ಟ್ರೈನ್ ಖರ್ಚು ಎಲ್ಲ ಇತ್ತು. ಅವರ ಲಾಜಿಸ್ಟಿಕ್ಸ್ ಮುಖ್ಯಸ್ಥರು ನೇರ ಮನುಷ್ಯ, ಸುತ್ತಿ ಬಳಸಿ ಮಾತಾಡಲಿಲ್ಲ. "ಸರ್, ನಮಗೆ ಟ್ರ್ಯಾಕ್ ಚೆನ್ನಾಗಿತ್ತು, ವ್ಯಾಗನ್ನೇ ಡಿಫೆಕ್ಟ್ ಅಂತ ಒಂದು ಎಕ್ಸ್‌ಪರ್ಟ್ ರಿಪೋರ್ಟ್ ಬೇಕು, ನಿಮ್ಮ ಫೀಸ್ ಎಷ್ಟು ಹೇಳಿಬಿಡಿ" ಅಂದ್ರು.

ಇಲ್ಲಿ ಮೊದಲ ನಿರ್ಧಾರ ತಗೊಳ್ಬೇಕಾಯ್ತು. ಈ ಫೀಲ್ಡಲ್ಲಿ ಎರಡು ತರದ ಕೆಲಸ ಇದೆ, ಜನ ಎರಡನ್ನೂ ಕಲಸಿಬಿಡ್ತಾರೆ. ಒಂದು ಯಾಕೆ ಬಿತ್ತು ಅಂತ ಹುಡುಕೋದು, ಇನ್ನೊಂದು ಯಾರು ದುಡ್ಡು ಕಟ್ಟಬೇಕು ಅಂತ ವಾದ ಮಾಡೋದು. ಬ್ರಿಟನ್ನಲ್ಲಿ ರೈಲು ಅಪಘಾತ ತನಿಖೆಗೆ 2003ರ ಕಾನೂನಿನ ಪ್ರಕಾರ ಪ್ರತ್ಯೇಕ ಸಂಸ್ಥೆ ಮಾಡಿದ್ರು, 1999ರ ಲ್ಯಾಡ್‌ಬ್ರೋಕ್ ಗ್ರೋವ್ ದುರಂತ ಆದ ಮೇಲೆ ನಡೆದ ವಿಚಾರಣೇಲಿ ಬಂದ ಸಲಹೆ ಅದು, ಯಾರ ತಪ್ಪು ಅಂತ ತೀರ್ಮಾನಿಸೋದು ಅದರ ಕೆಲಸವೇ ಅಲ್ಲ. ಅಮೆರಿಕದಲ್ಲಿ ಅಪಘಾತ ತನಿಖೆ ಮಾಡೋ ಎನ್‌ಟಿಎಸ್‌ಬಿ ಸಂಸ್ಥೆಯ ರಿಪೋರ್ಟನ್ನ ಪರಿಹಾರದ ಕೇಸಲ್ಲಿ ಸಾಕ್ಷಿಯಾಗಿ ಬಳಸಬಾರದು ಅಂತ ಕಾನೂನೇ ಇದೆ, ಹಾಗಾಗಿ ಕೋರ್ಟಿಗೆ ಬೇಕಾದಾಗ ಎರಡೂ ಕಡೆಯವರು ತಮ್ಮ ತಮ್ಮ ಎಕ್ಸ್‌ಪರ್ಟ್‌ನ ಕರ್ಕೊಂಡು ಬರ್ತಾರೆ. ನಮ್ಮಲ್ಲಿ ಸೈಡಿಂಗ್ ಕೇಸಿಗೆ ಇಷ್ಟು ಸ್ಪಷ್ಟವಾದ ಗೆರೆ ಇಲ್ಲ, ಒಬ್ಬನೇ ಕನ್ಸಲ್ಟೆಂಟ್ ಎರಡೂ ಟೋಪಿ ಹಾಕ್ಕೊಂಡು ಕೂತಿರ್ತಾನೆ.

ನಾವು ಬರವಣಿಗೇಲಿ ಒಂದು ಷರತ್ತು ಹಾಕಿದ್ವಿ: ಕಾರಣ ಎಲ್ಲಿ ಸಿಕ್ಕಿದ್ರೂ ಬರೀತೀವಿ, ಡ್ರಾಫ್ಟಲ್ಲಿ ಅಂಕಿ-ಅಂಶ ತಪ್ಪಿದ್ರೆ ತಿದ್ದಬಹುದು, ಭಾಗ ತೆಗೆಯೋ ಹಾಗಿಲ್ಲ, ಬೇಡ ಅನ್ನಿಸಿದ್ರೆ ಇಡೀ ರಿಪೋರ್ಟನ್ನ ಬಳಸದೇ ಇರಬಹುದು. "ದುಡ್ಡು ಕೊಡೋದು ನಾವು, ಬರೆಯೋದು ಅವರ ಪರವಾಗಿ ಆದ್ರೆ?" ಅಂತ ಕೇಳಿದ್ರು, ನ್ಯಾಯವಾದ ಪ್ರಶ್ನೆನೇ. ಆ ಕಡೆ ಕೂತಿರೋ ರೈಲ್ವೆ ಇಂಜಿನಿಯರ್‌ಗಳು ಇಪ್ಪತ್ತು ಮೂವತ್ತು ವರ್ಷ ಹಳಿ ಮೇಲೆ ನಡೆದೋರು, ಒಂದು ಕಡೆಗೆ ವಾಲಿರೋ ರಿಪೋರ್ಟನ್ನ ಮೊದಲ ಪುಟದಲ್ಲೇ ಹಿಡೀತಾರೆ, ಆಮೇಲೆ ಅದರಲ್ಲಿರೋ ನಿಜವನ್ನೂ ನಂಬಲ್ಲ ಅಂತ ಹೇಳಿದ್ವಿ. ಅರ್ಧ ಮನಸ್ಸಿಂದ ಒಪ್ಕೊಂಡ್ರು.

ಹಳಿ ಮೇಲಿನ ಗೆರೆ

ನಾವು ಹೋಗೋಷ್ಟರಲ್ಲಿ ಸ್ಥಳದಲ್ಲಿ ಏನೂ ಉಳಿದಿರಲಿಲ್ಲ. ಹೊಸ ಸ್ಲೀಪರ್, ಹೊಸ ಪಾಯಿಂಟ್, ಚೆನ್ನಾಗಿ ಪ್ಯಾಕ್ ಮಾಡಿದ ಬ್ಯಾಲಾಸ್ಟ್ (ಹಳಿ ಕೆಳಗಿನ ಜಲ್ಲಿ). ಡಿರೈಲ್‌ಮೆಂಟ್ ತನಿಖೆಯಲ್ಲಿ ಮೊದಲು ಬೇಕಾಗಿರೋದು ಪಾಯಿಂಟ್ ಆಫ್ ಮೌಂಟ್, ಅಂದ್ರೆ ಚಕ್ರದ ಅಂಚು (ಫ್ಲ್ಯಾಂಜ್) ಹಳಿ ಮೇಲೆ ಹತ್ತಿದ ಜಾಗ. ಅಲ್ಲಿಂದ ಮುಂದೆ ಎಲ್ಲಿ ಕೆಳಗೆ ಬಿತ್ತು ಅನ್ನೋದು ಪಾಯಿಂಟ್ ಆಫ್ ಡ್ರಾಪ್. ಹತ್ತಿದ ಜಾಗದಿಂದ ಹಿಂದೆ ಏನು ಕೆಟ್ಟಿತ್ತು ಅನ್ನೋದು ಕಾರಣ ಆಗಿರಬಹುದು, ಬಿದ್ದ ಜಾಗದಿಂದ ಮುಂದೆ ಮುರಿದಿರೋದೆಲ್ಲ ಪರಿಣಾಮ. ಈ ಎರಡು ಬಿಂದು ಗೊತ್ತಿಲ್ಲದೆ ಬರೆದ ರಿಪೋರ್ಟಿಗೆ ಬೆಲೆ ಇಲ್ಲ.

ಜಾಯಿಂಟ್ ನೋಟ್‌ನಲ್ಲಿ ಸ್ಕೆಚ್ ಇತ್ತು ಆದ್ರೆ ಗೆರೆಯ ಉದ್ದ ಬರೆದಿರಲಿಲ್ಲ. ಹಾಗಾಗಿ ಫೋನ್‌ಗಳನ್ನ ಹುಡುಕೋಕೆ ಶುರು ಮಾಡಿದ್ವಿ. ಆ ರಾತ್ರಿ ಅಲ್ಲಿದ್ದ ಕಾಂಟ್ರಾಕ್ಟರ್ ಹುಡುಗರು, ಹೈಡ್ರಾ ಕ್ರೇನ್ ಡ್ರೈವರ್, ಸೆಕ್ಯೂರಿಟಿಯವರು, ಎಲ್ರ ಹತ್ರನೂ ಫೋಟೋ ಇತ್ತು, ಯಾರೂ ಕೇಳಿರಲಿಲ್ಲ ಅಷ್ಟೇ. ಹೊರಗಿನ ಹಳಿಯ ತಲೆ ಮೇಲೆ, ಒಳಅಂಚಿಂದ ಹೊರಅಂಚಿಗೆ ಓರೆಯಾಗಿ ಹೋಗಿರೋ ಗೆರೆ ಒಂದು ಫೋಟೋದಲ್ಲಿ ಸ್ಪಷ್ಟವಾಗಿತ್ತು, ಪಕ್ಕದ ಸ್ಲೀಪರ್‌ಗಳನ್ನ ಎಣಿಸಿದ್ರೆ ಸುಮಾರು ಮೂರು ಮೀಟರ್ ಉದ್ದ. ಇದು ದೊಡ್ಡ ವಿಷಯ. ಚಕ್ರ ಏನಕ್ಕೋ ಗುದ್ದಿ ಎಗರಿದ್ರೆ ಗೆರೆ ಇರಲ್ಲ, ಇದ್ರೂ ಚಿಕ್ಕದು. ಉದ್ದ ಗೆರೆ ಅಂದ್ರೆ ನಿಧಾನವಾಗಿ ಹತ್ತಿದೆ, ಫ್ಲ್ಯಾಂಜ್ ಕ್ಲೈಂಬಿಂಗ್.

ಇದರಿಂದ ಎರಡು ಕಥೆ ಅಲ್ಲೇ ಬಿದ್ದುಹೋದ್ವು. ಹಳಿ ಮೇಲೆ ಯಾರೋ ಕಲ್ಲಿಟ್ಟಿದ್ರು ಅನ್ನೋ ಕಾರ್ಖಾನೆಯ ಒಳಗಿನ ಗಾಳಿಸುದ್ದಿ ಒಂದು. ಎರಡು ಹಳಿ ಜೋಡಿಸೋ ಫಿಶ್‌ಪ್ಲೇಟ್ ಮುರಿದಿದ್ದೇ ಕಾರಣ ಅನ್ನೋದು ಇನ್ನೊಂದು, ಆ ಫಿಶ್‌ಪ್ಲೇಟ್ ಸಿಕ್ಕಿದ್ದು ಚಕ್ರ ಬಿದ್ದ ಜಾಗದಿಂದ ಎಷ್ಟೋ ಮುಂದೆ. ಇಂಜಿನ್ನಿನ ಸ್ಪೀಡ್ ರೆಕಾರ್ಡ್ ನೋಡಿದ್ವಿ, ಲಿಮಿಟ್ ಒಳಗೇ ಇತ್ತು, ಜೋರಾಗಿ ಬ್ರೇಕ್ ಹಾಕಿದ ಗುರುತೂ ಇಲ್ಲ. ಲೋಕೋ ಪೈಲಟ್ ಮೇಲಿದ್ದ ಅನುಮಾನ ಅಲ್ಲಿಗೆ ಮುಗೀತು.

ಬಿದ್ದ ವ್ಯಾಗನ್ ಡಿಪೋದ ಸಿಕ್ ಲೈನಲ್ಲಿ, ಅಂದ್ರೆ ರಿಪೇರಿಗೆ ನಿಲ್ಲಿಸೋ ಲೈನಲ್ಲಿತ್ತು. ಪರ್ಮಿಷನ್ ತಗೊಂಡು ನೋಡೋಷ್ಟರಲ್ಲಿ ಒಂದಷ್ಟು ದಿನ ಹೋಯ್ತು. ಫ್ಲ್ಯಾಂಜ್ ದಪ್ಪ, ಅಂಚಿನ ದುಂಡು, ಟೈರ್ ಸವೆತ ಎಲ್ಲ ಲಿಮಿಟ್ ಒಳಗೆ. ಆದ್ರೆ ಬೋಗಿಯ ಒಂದು ಸ್ಪ್ರಿಂಗ್ ಮುರಿದಿತ್ತು, ಮುರಿದ ಮುಖದ ಮೇಲೆ ತುಕ್ಕು. ಕಾರ್ಖಾನೆಯವರಿಗೆ ಹಬ್ಬ, ನೋಡಿ ಹಳೇ ಬಿರುಕು ಅಂದ್ರು. ಡಿಪೋದ ಸೀನಿಯರ್ ಟೆಕ್ನಿಷಿಯನ್ ನಕ್ಕು, "ಮಳೆಗಾಲದಾಗ ಹೊಸ ಕಬ್ಬಿಣ ಎರಡು ದಿನದಾಗ ತುಕ್ಕು ಹಿಡೀತೈತ್ರಿ ಸರ" ಅಂದ್ರು. ಅವರ ಮಾತಲ್ಲೂ ನ್ಯಾಯ ಇದೆ. ಹಳೇ ಬಿರುಕಾದ್ರೆ ಒಳಗೆ ಕಪ್ಪಗೆ, ಉಜ್ಜಿ ನುಣುಪಾಗಿ, ಧೂಳು ಎಣ್ಣೆ ಸೇರ್ಕೊಂಡಿರತ್ತೆ. ಹೊಸದಾಗಿ ಮುರಿದಿದ್ರೆ ಮೇಲ್ಮೇಲೆ ಕಿತ್ತಳೆ ಬಣ್ಣದ ತುಕ್ಕು. ಇಲ್ಲಿ ಇಷ್ಟು ದಿನ ಮಳೇಲಿ ನೆಂದು ಎರಡೂ ಕಲಸಿಹೋಗಿತ್ತು. ಮುರಿದ ದಿನವೇ ಹತ್ತಿರದಿಂದ ಒಂದು ಫೋಟೋ ತೆಗೆದಿದ್ರೆ ಈ ವಾದವೇ ಇರ್ತಿರಲಿಲ್ಲ. ರಿಪೋರ್ಟಲ್ಲಿ ಸ್ಪ್ರಿಂಗ್ ಬಗ್ಗೆ ತೀರ್ಮಾನ ಹೇಳಕ್ಕಾಗಲ್ಲ ಅಂತಲೇ ಬರೆದ್ವಿ.

ಅಕೌಂಟ್ಸ್ ಸೆಕ್ಷನ್ನಲ್ಲಿ ಸಿಕ್ಕಿದ ಸಾಕ್ಷಿ

ಕೇಸ್ ತಿರುಗಿದ್ದು ಹಳಿ ಮೇಲಲ್ಲ. ಹೈಡ್ರಾ ಡ್ರೈವರ್ ಮೇಲಿಂದ ತೆಗೆದ ಒಂದು ಫೋಟೋದಲ್ಲಿ ಬಿದ್ದ ವ್ಯಾಗನ್ನಿನ ಒಳಗೆ ಒಂದು ಬದಿಯ ಗೋಡೆಗೆ, ಮೂಲೆ ತನಕ, ಕೆಂಪು ಹಸಿ ಪುಡಿ ಮೆತ್ಕೊಂಡಿತ್ತು. ಖಾಲಿ ವ್ಯಾಗನ್ ಅಂತ ಎಲ್ಲ ಕಾಗದದಲ್ಲೂ ಬರೆದಿರೋ ವ್ಯಾಗನ್ನು ಖಾಲಿ ಇರಲಿಲ್ಲ.

ಎಷ್ಟು ಉಳಿದಿತ್ತು? ತೂಕದ ಸೇತುವೆಯ ಡೇಟಾ ಕೇಳಿದ್ವಿ. ಟ್ರ್ಯಾಕ್ ಸೆಕ್ಷನ್‌ನವರಿಗೆ ಅದು ಎಲ್ಲಿರತ್ತೆ ಅಂತಲೇ ಗೊತ್ತಿಲ್ಲ. ವಿಚಾರಿಸ್ತಾ ಹೋದ್ರೆ ಅದು ಅಕೌಂಟ್ಸ್‌ನವರ ಹತ್ರ ಇತ್ತು, ಯಾಕಂದ್ರೆ ಅದಿರು ಕಳಿಸೋರ ಜೊತೆ ಪ್ರತಿ ತಿಂಗಳು ತೂಕದ ಜಗಳ, ಇಷ್ಟು ಟನ್ ಕಳಿಸಿದ್ವಿ ಅಂತ ಅವರು, ಇಷ್ಟು ಕಡಿಮೆ ಇಳೀತು ಅಂತ ಇವರು. ಅದಕ್ಕೋಸ್ಕರ ವ್ಯಾಗನ್ನಿನ ಮೇಲೆ ಬರೆದಿರೋ ಖಾಲಿ ತೂಕ ಎಷ್ಟು, ಹೊರಗೆ ಹೋಗುವಾಗ ನಿಜವಾಗಿ ತೂಗಿದ್ದು ಎಷ್ಟು ಅಂತ ಒಬ್ಬ ಜೂನಿಯರ್ ಹುಡುಗ ಎಕ್ಸೆಲ್ ಶೀಟಲ್ಲಿ ಶಿಸ್ತಾಗಿ ಇಟ್ಟಿದ್ದ, ವ್ಯಾಗನ್ ನಂಬರ್ ಸಮೇತ. ಬಿದ್ದ ವ್ಯಾಗನ್ ಮುಂದೆ ಎರಡು ಟನ್ನಿಗಿಂತ ಜಾಸ್ತಿ ಹೆಚ್ಚುವರಿ. ಅದೇ ರೇಕಲ್ಲಿ ಇನ್ನೂ ಕೆಲವು ಹಾಗೇ ಇದ್ವು. ಬೇಸಿಗೆಯ ತಿಂಗಳುಗಳಲ್ಲಿ ಈ ಕಾಲಮ್ ಹೆಚ್ಚು ಕಡಿಮೆ ಸೊನ್ನೆ, ಮಳೆ ಶುರುವಾದ ಮೇಲೆ ಏರ್ತಾ ಹೋಗತ್ತೆ.

ಖಾಲಿ ವ್ಯಾಗನ್ ಸುರಕ್ಷತೆ ದೃಷ್ಟಿಯಿಂದ ಖಾಲಿ ಇಲ್ಲ ಅನ್ನೋದು ವರ್ಷಗಳಿಂದ ಆ ಶೀಟಲ್ಲಿ ಇತ್ತು, ದುಡ್ಡಿನ ಲೆಕ್ಕಕ್ಕೆ ಮಾತ್ರ ನೋಡ್ತಿದ್ರು. ಒಂದೇ ಕಟ್ಟಡದ ಎರಡು ಮಹಡಿ ನಡುವೆ ಆ ಮಾಹಿತಿ ದಾಟಿರಲಿಲ್ಲ.

ಎರಡು ಟನ್ನಿಂದ ಏನಾಗತ್ತೆ, ತುಂಬಿದಾಗ 81 ಟನ್ ತೂಗೋ ವ್ಯಾಗನ್ನಿಗೆ ಅದೇನು ಮಹಾ, ಅಂತ ಮೀಟಿಂಗಲ್ಲಿ ಒಬ್ರು ಕೇಳಿದ್ರು. ಲೆಕ್ಕ ಹೀಗಿದೆ. ಚಕ್ರ ಹತ್ತೋದು ಬಿಡೋದು ಎರಡು ಬಲದ ಅನುಪಾತದ ಮೇಲೆ ನಿಂತಿದೆ: ಹಳಿಯನ್ನ ಪಕ್ಕಕ್ಕೆ ಒತ್ತೋ ಬಲ, ಕೆಳಗೆ ಒತ್ತೋ ತೂಕ. ನಡಾಲ್ ಸೂತ್ರ ಅಂತ ಇದೆ, ಫ್ಲ್ಯಾಂಜ್ ಕೋನ 68 ಡಿಗ್ರಿ ಹಿಡಿದು ಘರ್ಷಣೆ 0.25 ಅಂತ ಇಟ್ರೆ ಆ ಅನುಪಾತ ಸುಮಾರು 1.37 ದಾಟೋ ತನಕ ಚಕ್ರ ಹತ್ತಲ್ಲ. ಅದೇ ಘರ್ಷಣೆ 0.5 ಆದ್ರೆ ಮಿತಿ 0.88ಕ್ಕೆ ಇಳಿಯತ್ತೆ. ಬಾಕ್ಸ್-ಎನ್ ತುಂಬಿದಾಗ ಒಂದೊಂದು ಚಕ್ರದ ಮೇಲೆ 10 ಟನ್ ಮೇಲೆ ಇರತ್ತೆ, ಖಾಲಿ ಇದ್ದಾಗ ಇಡೀ ವ್ಯಾಗನ್ 22.5 ಟನ್, ಎಂಟು ಚಕ್ರಕ್ಕೆ ಹಂಚಿದ್ರೆ 2.8 ಟನ್. ಅಂದ್ರೆ ಖಾಲಿ ವ್ಯಾಗನ್ ಮೊದಲೇ ಹಗುರ. ಇನ್ನು ಗೋಡೆಗೆ ಅಂಟಿದ ಪುಡಿ ಎಲ್ಲಿರತ್ತೆ ನೋಡಿ, ವ್ಯಾಗನ್ ಹಳಿಗಿಂತ ಅಗಲ, ಹಾಗಾಗಿ ಆ ಪುಡಿಯ ತೂಕ ಬೀಳೋದು ಹಳಿಯ ಗೆರೆಗಿಂತ ಹೊರಗೆ. ಹೊರಗೆ ಬಿದ್ದ ತೂಕ ಆ ಬದಿಯನ್ನ ಅದುಮತ್ತೆ, ಎದುರು ಬದಿಯನ್ನ ಎತ್ತತ್ತೆ. ತೂಕ ಸೇರಿಸಿದೀವಿ, ಆದ್ರೆ ಎದುರಿನ ಚಕ್ರ ಇನ್ನೂ ಹಗುರ ಆಗಿದೆ.

ಟಿಪ್ಲರ್ ಯಾವಾಗ್ಲೂ ಒಂದೇ ಕಡೆಗೆ ಮಗುಚೋದು, ಹಾಗಾಗಿ ಪುಡಿ ಅಂಟೋದೂ ಯಾವಾಗ್ಲೂ ಒಂದೇ ಬದಿಗೆ, ಮತ್ತೆ ಆ ಬದಿ ಹೊರಗೆ ಹೋಗೋ ದಾರಿಯ ಕರ್ವ್‌ನ ಒಳಭಾಗ. ಹತ್ತಿದ ಗೆರೆ ಇದ್ದಿದ್ದು ಹೊರಗಿನ ಹಳಿ ಮೇಲೆ. ಸರಿಯಾಗಿ ಕೂಡ್ತು.

"ಹಿಂದೂ ಇಲ್ಲೇ ಇಳಿದಿತ್ರಿ"

ಇದೆಲ್ಲ ಒಂದು ಸಲ ಆಗಿದ್ದಾ, ಮುಂಚೆನೂ ಆಗಿತ್ತಾ ಅಂತ ಕೇಳಿದಾಗ ಆಫೀಸಲ್ಲಿ ಎಲ್ರೂ ಇದೇ ಫಸ್ಟು ಅಂದ್ರು. ರಿಜಿಸ್ಟರಲ್ಲೂ ಏನೂ ಇಲ್ಲ. ಕರ್ವ್ ಹತ್ರ ಗೇಜ್ (ಎರಡು ಹಳಿ ನಡುವಿನ ಅಂತರ) ಅಳೀತಿದ್ದಾಗ ಕಾಂಟ್ರಾಕ್ಟರ್ ಗ್ಯಾಂಗಿನ ವಯಸ್ಸಾದ ಮೇಟ್, ಅಂದ್ರೆ ಗ್ಯಾಂಗಿನ ಮುಖ್ಯಸ್ಥ, ಒಬ್ರು ಬೀಡಿ ಕೆಳಗಿಟ್ಟು, "ಹ್ವಾದ ಮಳಿಗಾಲದಾಗೂ ಇಲ್ಲೇ ಇಳಿದಿತ್ರಿ, ನಾವೇ ಜಾಕ್ ಹಚ್ಚಿ ಏರಿಸಿದ್ವಿ, ಅದನ್ನ ಯಾರು ಬರೀತಾರ ಬಿಡ್ರಿ" ಅಂದ್ರು.

ಅವರ ಮಾತಿನ ಮೇಲೆ ಮಾತ್ರ ಬರೆಯೋಕಾಗಲ್ಲ, ಅವರ ಕೆಲಸಕ್ಕೂ ತೊಂದರೆ. ಹೊರಗಿನ ಕ್ರೇನ್ ಕರೆದಿದ್ರೆ ಬಿಲ್ಲು ಇರಲೇಬೇಕು ಅಂತ ಸ್ಟೋರ್ಸಲ್ಲಿ ಬಾಡಿಗೆ ಹೈಡ್ರಾ ಬಿಲ್ಲುಗಳನ್ನ ತೆಗೆಸಿದ್ವಿ. "ಸೈಡಿಂಗ್ ಕೆಲಸ" ಅಂತ ಎರಡು ಪದದಲ್ಲಿ ಬರೆದಿರೋ ರಾತ್ರಿ ಪಾಳಿಯ ಬಿಲ್ಲುಗಳು, ಎಲ್ಲ ಮಳೆಗಾಲದ್ದು. ಆ ದಿನಾಂಕಗಳ ಗೇಟ್ ರಿಜಿಸ್ಟರ್ ಜೊತೆ ಹೋಲಿಸಿದ್ವಿ, ಪಾಳಿಯವರನ್ನ ಹೆಸರು ಬರೆಯಲ್ಲ ಅಂತ ಹೇಳಿ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದ್ವಿ. ಚಕ್ರ ಇಳಿದಿದೆ, ಎಲ್ಲ ಸಲನೂ ಕರ್ವ್‌ನ ಅದೇ ತುದಿ, ಅದೇ ಬದಿ, ಖಾಲಿ ವ್ಯಾಗನ್ನೇ. ಇಂಜಿನ್ ಬರೋಕೆ ಮುಂಚೆ ಒಳಗಿನ ಶಂಟಿಂಗಲ್ಲಿ ಆಗಿದ್ದರಿಂದ ಏರಿಸಿ ಮುಗಿಸಿದಾರೆ. ರೈಲ್ವೆಗೆ ಹೇಳಿದ್ರೆ ವಿಚಾರಣೆ, ಲೈನ್ ಬಂದ್, ಡೆಮರೇಜ್ (ವ್ಯಾಗನ್ ತಡವಾಗಿ ಬಿಟ್ಟಿದ್ದಕ್ಕೆ ಕಟ್ಟೋ ದುಡ್ಡು). ಪಾಳಿ ಇನ್‌ಚಾರ್ಜ್‌ಗೆ ಆ ರಾತ್ರಿ ಅದೇ ಸರಿ ಅನ್ನಿಸಿದೆ.

2023ರ ಜೂನ್ 2ರಂದು ಒಡಿಶಾದ ಬಹನಾಗ ಬಜಾರ್‌ನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್, ಬೆಂಗಳೂರಿಂದ ಹೊರಟ ಹೌರಾ ಎಕ್ಸ್‌ಪ್ರೆಸ್ ಎರಡೂ ಸಿಕ್ಕಿಹಾಕ್ಕೊಂಡ ದುರಂತ ನೆನಪಿರಬಹುದು. ಅದರ ಸಿಆರ್‌ಎಸ್ (ಮೊದಲು ಹೇಳಿದ ಸೇಫ್ಟಿ ಕಮಿಷನರ್) ವರದೀಲಿ ಇದೇ ತರದ್ದೊಂದು ಮಾತಿದೆ: 2022ರ ಮೇನಲ್ಲಿ ಅದೇ ಖರಗ್‌ಪುರ ಡಿವಿಷನ್ನಿನ ಇನ್ನೊಂದು ಸ್ಟೇಷನ್ನಲ್ಲಿ ತಪ್ಪು ವೈರಿಂಗಿಂದ ಇಂಥದ್ದೇ ಘಟನೆ ಆಗಿತ್ತು, ಆಗಲೇ ಸರಿ ಮಾಡಿದ್ರೆ ಬಹನಾಗ ಆಗ್ತಿರಲಿಲ್ಲ ಅಂತ. ಅಲ್ಲಿನ ಪ್ರಮಾಣ ಬೇರೆ, ನಮ್ಮ ಸೈಡಿಂಗ್ ಯಾವ ಲೆಕ್ಕಕ್ಕೂ ಇಲ್ಲ. ಆದ್ರೂ ಸಣ್ಣದು ಆಗಿದ್ದಾಗ ಬರೆದಿಟ್ಟಿದ್ರಾ ಅನ್ನೋ ಪ್ರಶ್ನೆ ಎರಡೂ ಕಡೆ ಒಂದೇ.

ಹಾಗಾದ್ರೆ ಹಳಿ?

ಹಳಿನ ಬಿಟ್ಟುಬಿಟ್ವಿ ಅಂತಲ್ಲ. ಪುಡಿ ಅಂಟಿದ ವ್ಯಾಗನ್‌ಗಳು ಎಷ್ಟೋ ದಾಟಿ ಹೋಗಿವೆ, ಎಲ್ಲವೂ ಬಿದ್ದಿಲ್ಲ. ಆ ಜಾಗದಲ್ಲೇ ಯಾಕೆ ಅನ್ನೋದಕ್ಕೆ ಉತ್ತರ ನೆಲದಲ್ಲಿತ್ತು.

ಡಿರೈಲ್ ಆದಾಗ ಅಳೆದ ರೀಡಿಂಗ್‌ಗಳ ಪ್ರಕಾರ ಕ್ರಾಸ್ ಲೆವೆಲ್ (ಎರಡು ಹಳಿಯ ಎತ್ತರದ ವ್ಯತ್ಯಾಸ) ಅಂಥಾ ಕೆಟ್ಟದಾಗಿರಲಿಲ್ಲ, ಕಾರ್ಖಾನೆಯವರು ಅದನ್ನೇ ಹಿಡ್ಕೊಂಡಿದ್ರು. ಆದ್ರೆ ಅಳೆದಿದ್ದು ಮೇಲೆ ಏನೂ ಭಾರ ಇಲ್ಲದೇ ಇದ್ದಾಗ. ಸ್ಲೀಪರ್ ಕೆಳಗೆ ಟೊಳ್ಳಿದ್ರೆ ಹಳಿ ಖಾಲಿ ಇದ್ದಾಗ ಸಮವಾಗಿ ಕಾಣತ್ತೆ, ಗಾಡಿ ಬಂದಾಗ ಕುಸಿಯತ್ತೆ. ಹಾಗಾಗಿ ಹಳೇ ಪಿ.ವೇ ಜನ ಮಾಡೋ ಹಾಗೆ ಹಳಿಯ ಬುಡಕ್ಕೆ ತಾಗಿಸಿ ಮರದ ಗೂಟ ಹೊಡೆದು, ಇಂಜಿನ್ ದಾಟಿಸಿ, ಗೂಟ ಎಷ್ಟು ಕೆಳಗೆ ಹೋಗಿದೆ ಅಂತ ಅಳೆದ್ವಿ. ತಕ್ಷಣ ಮಾಡಲಿಲ್ಲ, ಹೊಸ ಪ್ಯಾಕಿಂಗ್ ಸ್ವಲ್ಪ ರೇಕ್ ತುಳಿದು ಒಂದೆರಡು ಮಳೆ ಬಿದ್ದ ಮೇಲೆ ಮಾಡೋಣ ಅಂತ ಕಾದ್ವಿ, ಇದಕ್ಕೆ ಕಾರ್ಖಾನೆಯವರು ಗೊಣಗಿದ್ರು. ಕಾದಿದ್ದಕ್ಕೆ ಫಲ ಸಿಕ್ತು. ಕರ್ವ್ ಮುಗಿಯೋ ಕಡೆ ಒಂದು ಬದಿಯ ಗೂಟಗಳು ಎದ್ದು ಕಾಣೋ ಹಾಗೆ ಇಳಿದಿದ್ವು, ಎದುರು ಬದಿಯವು ಅಲ್ಲಾಡಿರಲಿಲ್ಲ. ಟಿಪ್ಲರಲ್ಲಿ ಧೂಳು ಅಡಗೋಕೆ ಸಿಂಪಡಿಸೋ ನೀರಿನ ಮೋರಿ ಅಲ್ಲೇ ಒಡೆದು ಹಳಿ ಕೆಳಗೆ ಇಳೀತಿತ್ತು, ಬ್ಯಾಲಾಸ್ಟ್ ಕೆಸರಾಗಿತ್ತು. ಎಷ್ಟು ಸಲ ಪ್ಯಾಕ್ ಮಾಡಿದ್ರೂ ಅದು ನಿಲ್ಲೋ ಜಾಗ ಅಲ್ಲ.

ಅದರ ಮೇಲೆ ಕ್ಯಾಂಟ್. ಕರ್ವಲ್ಲಿ ಹೊರಗಿನ ಹಳಿಯನ್ನ ಎತ್ತರಿಸ್ತಾರಲ್ಲ, ಅದು ಸ್ಪೀಡಿಗೆ ತಕ್ಕಂತೆ ಇರಬೇಕು. 6 ಡಿಗ್ರಿ ಕರ್ವ್ ಅಂದ್ರೆ ತ್ರಿಜ್ಯ ಸುಮಾರು 292 ಮೀಟರ್, 10 ಕಿ.ಮೀ. ಸ್ಪೀಡಿಗೆ ಲೆಕ್ಕ ಹಾಕಿದ್ರೆ 5 ಮಿ.ಮೀ. ಕೂಡ ಬೇಡ. ಇಲ್ಲಿ ಹತ್ತಿರ ಹತ್ತಿರ 40 ಮಿ.ಮೀ. ಇತ್ತು. ಕರ್ವ್ ಅಂದ್ರೆ ಹೊರ ಹಳಿ ಎತ್ತಬೇಕು ಅನ್ನೋದು ಗ್ಯಾಂಗಿನವರ ಕೈಗೆ ಅಭ್ಯಾಸ ಆಗಿರತ್ತೆ, ಪ್ರತಿ ಪ್ಯಾಕಿಂಗಲ್ಲೂ ಸ್ವಲ್ಪ ಸ್ವಲ್ಪ ಏರಿದೆ. ಇಷ್ಟು ನಿಧಾನಕ್ಕೆ ಹೋಗೋ ಗಾಡಿಗೆ ಅಷ್ಟು ಕ್ಯಾಂಟ್ ಕೊಟ್ರೆ ತೂಕ ಒಳಗಿನ ಹಳಿಗೆ ವಾಲತ್ತೆ, ಹೊರಗಿನ ಚಕ್ರ ಮತ್ತೆ ಹಗುರ. ಪಾಯಿಂಟ್ ಹತ್ರ ಇರೋದ್ರಿಂದ ಆ 40 ಮಿ.ಮೀ.ನ ಚಿಕ್ಕ ದೂರದಲ್ಲೇ ಸೊನ್ನೆಗೆ ಇಳಿಸಿದಾರೆ, ಅಂದ್ರೆ ಹಳಿಯಲ್ಲೇ ತಿರುಚು, ಟ್ವಿಸ್ಟ್, ಅದೇ ಜಾಗದಲ್ಲಿ ಕೆಳಗೆ ಟೊಳ್ಳು. ಖಾಲಿ ವ್ಯಾಗನ್ನಿನ ಸ್ಪ್ರಿಂಗ್ ಭಾರ ಇಲ್ಲದೆ ಬಗ್ಗಲ್ಲ, ಅದು ಏರುಪೇರು ನೆಲದ ಮೇಲಿಟ್ಟ ಮಂಚದ ತರ, ಒಂದು ಕಾಲು ಗಾಳೀಲಿ ಇರತ್ತೆ.

ಒಂದು ಆಕ್ಷೇಪ ಮಾತ್ರ ನಮ್ಮನ್ನ ಸ್ವಲ್ಪ ದಿನ ಕಾಡ್ತು. ಬಿದ್ದಿದ್ದು ಮಳೆ ಸುರೀವಾಗಲ್ಲ, ಬಿಸಿಲು ಬಿದ್ದ ಮಧ್ಯಾಹ್ನ. ಮಳೆಯೇ ಕಾರಣ ಅಂದ್ರೆ ಇದು ಹೇಗೆ? ಮೇಲೆ ಹೇಳಿದ ಘರ್ಷಣೆ ಲೆಕ್ಕದಲ್ಲೇ ಉತ್ತರ ಇತ್ತು. ಮಳೆ ಬೀಳುವಾಗ ಹಳಿ ಒದ್ದೆ, ಘರ್ಷಣೆ ಕಡಿಮೆ, ಚಕ್ರ ಹತ್ತೋದು ಕಷ್ಟ. ಬಿಸಿಲಿಗೆ ಹಳಿ ಒಂದು ಗಂಟೇಲಿ ಒಣಗತ್ತೆ, ವ್ಯಾಗನ್ ಒಳಗಿನ ಪುಡಿ ಒಣಗಲ್ಲ, ನೆಲವೂ ಒಣಗಲ್ಲ.

ರಿಪೋರ್ಟ್ ಕೊಟ್ಟ ಮೇಲೆ

ಕೊನೆಗೆ ಬರೆದಿದ್ದು ಹೀಗೆ: ಉಳಿದ ಪುಡಿ, ಜಾಸ್ತಿ ಕ್ಯಾಂಟ್, ಟೊಳ್ಳು, ಇವು ಒಂದೇ ಜಾಗದಲ್ಲಿ ಸೇರಿದ್ದು ಕಾರಣ. ಪುಡಿ ಟಿಪ್ಲರ್‌ನವರದ್ದು, ಕ್ಯಾಂಟ್ ಟ್ರ್ಯಾಕ್ ಕಾಂಟ್ರಾಕ್ಟರದ್ದು, ನೀರು ಸಿವಿಲ್ ಸೆಕ್ಷನ್ನಿನದ್ದು, ಅಂದ್ರೆ ಮೂರೂ ಕಾರ್ಖಾನೆ ಗೇಟಿನ ಒಳಗೇ. ಆದ್ರೆ ವ್ಯಾಗನ್ ವಾಪಸ್ ತಗೊಳ್ಳುವಾಗ ಒಳಗೆ ಮಾಲು ಉಳಿದಿದೆಯಾ ಅಂತ ರೈಲ್ವೆ ಸಿಬ್ಬಂದಿನೂ ನೋಡಿಲ್ಲ, ವಾರ್ಷಿಕ ತಪಾಸಣೇಲಿ ಕ್ಯಾಂಟ್ ಬಗ್ಗೆ ಯಾವ ಟಿಪ್ಪಣಿನೂ ಇಲ್ಲ, ಅದನ್ನೂ ಬರೆದ್ವಿ.

ಲೀಗಲ್‌ನವರು ಪುಡಿಯ ಭಾಗ, ಹಿಂದಿನ ಬೀಳುವಿಕೆಗಳ ಭಾಗ ಎರಡನ್ನೂ ತೆಗೀರಿ ಅಂದ್ರು. ಷರತ್ತು ತೋರಿಸಿದ್ವಿ, ಬೇಕಿದ್ರೆ ರಿಪೋರ್ಟ್ ಡ್ರಾಯರಲ್ಲಿಡಿ ಅಂದ್ವಿ. ಎರಡು ವಾರ ಸುದ್ದಿ ಇಲ್ಲ. ಆಮೇಲೆ ಪ್ಲಾಂಟ್ ಮುಖ್ಯಸ್ಥರೇ ಫೋನ್ ಮಾಡಿ, ರಿಪೋರ್ಟ್ ರೈಲ್ವೆಗೆ ಕಳಿಸೋದು ಆಮೇಲೆ ನೋಡೋಣ, ಮೊದಲು ಇದನ್ನ ಸರಿ ಮಾಡೋದು ಹೇಗೆ ಹೇಳಿ ಅಂದ್ರು. ಅವರು ಬೇರೆ ಜಾಗದಲ್ಲಿ ಟಿಪ್ಲರ್ ನಡೆಸಿದ ಮನುಷ್ಯ, ವಿಷಯ ಒಂದೇ ಸಲಕ್ಕೆ ಹಿಡಿದ್ರು.

ಮೊದಲು ಮಾಡಿದ ಪ್ರಯತ್ನ ಅಪಾಯದ್ದು. ನಾಲ್ಕು ಜನ ಲೇಬರ್‌ನ ವ್ಯಾಗನ್ ಒಳಗೆ ಹತ್ತಿಸಿ ಹಾರೆಯಿಂದ ಕೆರೆಸೋಕೆ ಶುರು ಮಾಡಿದ್ರು. ಹೊರಗಿನ ಲೈನ್ ಮೇಲೆ 25,000 ವೋಲ್ಟ್ ಓಎಚ್‌ಇ ತಂತಿ ಇದೆ, ಕೈಯಲ್ಲಿ ಉದ್ದದ ಕಬ್ಬಿಣ. ಗೊತ್ತಾದ ದಿನವೇ ನಿಲ್ಲಿಸಿದ್ವಿ. ಚಕ್ರ ಬೀಳೋದನ್ನ ತಪ್ಪಿಸೋಕೆ ಹೋಗಿ ಮನುಷ್ಯನ್ನ ಸುಡೋದು ಬೇಡ.

ಆಮೇಲೆ ನಿಂತ ವ್ಯವಸ್ಥೆ ಅಂದ್ರೆ, ತೂಕದ ಸೇತುವೆಯ ಪರದೆ ಈಗ ಟಿಪ್ಲರ್ ಕ್ಯಾಬಿನಲ್ಲೂ ಇದೆ, ಬರೆದಿರೋ ಖಾಲಿ ತೂಕಕ್ಕಿಂತ ಒಂದು ಮಿತಿ ದಾಟಿದ ವ್ಯಾಗನ್ ವಾಪಸ್ ಬಂದು ಇನ್ನೊಂದು ಸಲ ಮಗುಚಬೇಕು, ಮಳೆಗಾಲದಲ್ಲಿ ಪುಡಿ ಉದುರಿಸೋ ವೈಬ್ರೇಟರ್ ಓಡಿಸೋ ಹೊತ್ತು ಜಾಸ್ತಿ. ಇದಕ್ಕೆ ಆಪರೇಷನ್ಸ್‌ನವರು ಬಲವಾಗಿ ಅಡ್ಡ ಬಂದ್ರು, ಟೈಮ್ ಹೋಗತ್ತೆ, ಡೆಮರೇಜ್ ಯಾರು ಕಟ್ತಾರೆ ಅಂತ. ಮಿತಿ ಎಷ್ಟಿರಬೇಕು ಅಂತ ಮೂರು ಮೀಟಿಂಗ್ ಹೊಡೆದಾಟ. ನಾವು ಹೇಳಿದ್ದಕ್ಕಿಂತ ಸ್ವಲ್ಪ ಸಡಿಲ ಇಟ್ರು, ಆದ್ರೆ ಒಂದು ಬದಿಗೆ ಮಾತ್ರ ಅಂಟಿದ್ರೆ ಮಿತಿ ನೋಡದೆ ವಾಪಸ್ ಅಂತ ಸೇರಿಸಿದ್ರು. ಅದಕ್ಕೆ ಕ್ಯಾಮೆರಾ ಹಾಕಿದ್ರು. ಮೋರಿ ತಿರುಗಿಸಿದ್ರು, ಕೆಸರು ಬ್ಯಾಲಾಸ್ಟ್ ಅಗೆದು ತೆಗೆದು ಹೊಸದು ಹಾಕಿದ್ರು, ಕ್ಯಾಂಟ್ ಇಳಿಸಿದ್ರು, ಹೊರ ಹಳಿಯ ಒಳಮುಖಕ್ಕೆ ಗ್ರೀಸ್ ಹಚ್ಚೋದು ಹಳಿ ನೋಡ್ಕೊಂಡು ನಡೆಯೋ ಕೀಮನ್ ಕೆಲಸಕ್ಕೆ ಸೇರ್ತು.

ಅದಾದ ಮೇಲೆ ಬಂದ ಮಳೆಗಾಲದಲ್ಲಿ ಆ ಕರ್ವಲ್ಲಿ ವ್ಯಾಗನ್ ಇಳಿದಿಲ್ಲ. ಇದರಲ್ಲಿ ಯಾವುದು ಕೆಲಸ ಮಾಡ್ತು ಅಂತ ಕೇಳಿದ್ರೆ ಹೇಳಕ್ಕಾಗಲ್ಲ, ಎಲ್ಲ ಒಟ್ಟಿಗೆ ಮಾಡಿದ್ವಿ. ಒಂದೊಂದಾಗಿ ಮಾಡಿ ನೋಡೋಣ ಅನ್ನೋದು ಕಾಲೇಜಿನ ಲ್ಯಾಬಿಗೆ ಸರಿ.

ಬಿಲ್ಲಿನ ವಿಷಯ. ರಿಪೋರ್ಟ್ ಕೊನೆಗೆ ರೈಲ್ವೆಗೆ ಹೋಯ್ತು, ಎರಡೂ ಕಡೆ ಕೂತು ಮಾತಾಡಿದ್ರು. ಹಿಂದಿನ ಬೀಳುವಿಕೆಗಳನ್ನ ತಾವಾಗೇ ಬರೆದುಕೊಟ್ಟಿದ್ದು ಆ ಟೇಬಲ್ಲಲ್ಲಿ ವಿಚಿತ್ರವಾಗಿ ಕಾರ್ಖಾನೆಗೆ ಅನುಕೂಲ ಮಾಡ್ತು. ಸ್ವಲ್ಪ ತರಾಟೆ ಆಯ್ತು, ಮುಂದೆ ಒಂದು ಚಕ್ರ ಇಳಿದ್ರೂ ಸ್ಟೇಷನ್ ಮಾಸ್ಟರ್‌ಗೆ ಮೆಮೋ ಕೊಡಬೇಕು ಅಂತ ಬರೆಸ್ಕೊಂಡ್ರು, ಆದ್ರೆ ಆಮೇಲೆ ರಿಪೋರ್ಟಿನ ಉಳಿದ ಭಾಗದ ಮೇಲೆ ಯಾರೂ ಅನುಮಾನ ಪಡಲಿಲ್ಲ. ಪಾಯಿಂಟ್, ಸ್ಲೀಪರ್, ರಿಲೀಫ್ ಟ್ರೈನ್ ಖರ್ಚನ್ನ ಕಾರ್ಖಾನೆ ಕಟ್ತು. ವ್ಯಾಗನ್ ರಿಪೇರಿಯಲ್ಲಿ ಆ ಸ್ಪ್ರಿಂಗ್ ಇರೋ ಬೋಗಿಯ ಮೊತ್ತ ಮಾತ್ರ ಬೇರೆ ಇಟ್ಟಿದಾರೆ, ಹಳೇ ಬಿರುಕಾ ಹೊಸದಾ ಅಂತ ಪತ್ರ ಇನ್ನೂ ಓಡಾಡ್ತಿದೆ, ಸ್ಪ್ರಿಂಗಿನ ತುಂಡು ಒಂದು ಡಿಪೋದಲ್ಲಿದೆ, ಇನ್ನೊಂದು ಗುಜರಿಗೆ ಹೋಗಿದೆಯಂತೆ.